ಟೇಪಿನಡಿಯ ಹೆಸರು

ನವೆಂಬರ್ 18, ಮಂಗಳವಾರ

ವ್ಯಾನಿಗೆ ಎಫ್‌ಸಿ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಚಿಕ್ಕಬಳ್ಳಾಪುರದ ಆರ್‌ಟಿಓದಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವ ಇನ್‌ಸ್ಪೆಕ್ಟರ್ ಸುತ್ತಲೂ ನೋಡಿ, "ಬ್ರೇಕು, ಲೈಟು ಸರಿ ಇದೆ. ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಎಲ್ಲಪ್ಪ? ಅಂಟಿಸ್ಕೊಂಡು ಬಾ" ಅಂದರು. ಆ ಜಾಗದಲ್ಲಿ ರೇಡಿಯಂ ಸ್ಟಿಕ್ಕರಿನಲ್ಲಿ ಮಗಳು ಹಂಸವೇಣಿಯ ಹೆಸರಿತ್ತು. ಈ ಹಳೇ ವ್ಯಾನ್ ತಂದ ದಿನ ಅವಳೇ ಪಕ್ಕದಲ್ಲಿ ನಿಂತು ಹಾಕಿಸಿದ್ದು. ಅವಳು ತೀರಿಕೊಂಡ ಮೇಲೂ ಹೊಳೆಯುತ್ತಿತ್ತು. ಅದೂ ಹೊಳೆಯುತ್ತದಲ್ಲ ಸಾರ್, ಸಾಲದಾ ಅಂತ ನಾನು ಕೇಳಲಿಲ್ಲ. ನಾಳೆ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡಿನ ಲೋಡ್ ಹೊಡೆಯಬೇಕು. ಕೆರೆದು ತೆಗೆಯಲು ಕೈ ಏಳಲಿಲ್ಲ, ಹೆಸರಿನ ಮೇಲೆಯೇ ಟೇಪ್ ಅಂಟಿಸಿದೆ.

ಸಂಜೆ ಮನೆಯಲ್ಲಿ ಹೆಂಡತಿ ಮಾಲಾ ಟಾರ್ಚ್ ಹಿಡಿದು ವ್ಯಾನಿನ ಹಿಂದೆ ಹೋದಳು.

"ಪಾಪು ಹೆಸರೆಲ್ರೀ?"

"ಒಳಗೇ ಇದೆ ಕಣೇ."

ಟಾರ್ಚ್ ಆರಿಸಿಬಿಟ್ಟಳು. ಕತ್ತಲಲ್ಲಿ ಟೇಪಿನ ಮೇಲೆ ಬೆರಳಾಡಿಸುತ್ತಾ, ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ತಡವಿ ಓದಿದಳು. ಕೊನೆಯ ಅಕ್ಷರಕ್ಕೆ ಬಂದವಳು ಬೆರಳು ತೆಗೆಯಲೇ ಇಲ್ಲ.