ಆಟೋ ತರಲು ಹೋದವನು

ಮೈಸೂರು
9-11-1986

ಅಮ್ಮನಿಗೆ ಗಂಗಾಧರ ಮಾಡುವ ನಮಸ್ಕಾರ.

ಹೊತ್ತಿಗೆ ಸರಿಯಾಗಿ ಊಟ ಮಾಡ್ತಾ ಇದೀಯ? ಬಿ.ಪಿ. ಮಾತ್ರೆ ತಪ್ಪಿಸಬೇಡ.

ಅಪ್ಪನ ತಿಥಿಗೆ ಬಂದವರಿಗೆಲ್ಲ ನೀನು, "ಡಾಕ್ಟರಿಗೆ ಓದೋ ಮಗ, ಆಟೋ ತರೋಕೆ ಎದ್ನೋ ಬಿದ್ನೋ ಅಂತ ಓಡಿದ" ಅಂತ ಹೇಳ್ತಿದ್ದೆ. ಇನ್ನು ಮೇಲೆ ಹಾಗೆ ಹೇಳಬೇಡ ಅಮ್ಮ. ಅವತ್ತು ಎದೆ ಹಿಡ್ಕೊಂಡು ಕುಸಿದ ಅಪ್ಪನ್ನ ಎತ್ತೋಕೆ ನನ್ನಿಂದ ಆಗಲಿಲ್ಲ. ಮಾಗಡಿ ರೋಡಿನ ಆಟೋ ಸ್ಟ್ಯಾಂಡಿನ ತನಕ ಓಡೋಕೂ ಆಗಲಿಲ್ಲ. ಎರಡು ಕ್ರಾಸ್ ದಾಟೋ ಹೊತ್ತಿಗೆ ಉಸಿರು ಸಿಕ್ಕದೆ ಯಾರದೋ ಮನೆ ಜಗಲಿ ಮೇಲೆ ಕೂತುಬಿಟ್ಟೆ. ಆಮೇಲೆ ನಡ್ಕೊಂಡೇ ಹೋದೆ. ಆಸ್ಪತ್ರೇಲಿ ಡಾಕ್ಟರು "ಹತ್ತು ನಿಮಿಷ ಮುಂಚೆ ಬಂದಿದ್ರೆ" ಅಂದಾಗ ನೀನು ಆಟೋದವನನ್ನ ಬೈದೆ. ತಡ ಮಾಡಿದ್ದು ಅವನಲ್ಲ, ನಾನು.

ರಜಕ್ಕೆ ಬಂದಾಗಲೆಲ್ಲ ಅಪ್ಪ ಬೆಳಿಗ್ಗೆ ಬೆಳಿಗ್ಗೆ, "ಏಳೋ, ಒಂದು ಸುತ್ತು ನಡ್ಕೊಂಡು ಬರೋಣ" ಅಂತ ಕರೀತಿದ್ರು. ಪರೀಕ್ಷೆ ಇದೆ ಅಂತ ಹೇಳಿ ಮುಸುಕು ಹಾಕ್ಕೊಳ್ತಿದ್ದೆ. ನಾಲ್ಕು ವರ್ಷ ಕೂತೇ ಓದಿದೆ. ಇಲ್ಲಿ ನಾವೆಲ್ಲ ಹಾಗೇ. ನಡೆಯೋದು ಹೃದಯಕ್ಕೆ ಎಷ್ಟು ಒಳ್ಳೇದು ಅಂತ ಪುಟಗಟ್ಟಲೆ ಬರೆದು ಕ್ಲಾಸಿಗೇ ಫಸ್ಟ್ ಬಂದವನು ನಾನು.

ಈಗ ದಿನಾ ಬೆಳಿಗ್ಗೆ ಹಾಸ್ಟೆಲ್ ಮೈದಾನದಲ್ಲಿ ಓಡ್ತೀನಿ. ಗೆಳೆಯರು ನಗ್ತಾರೆ. ನಿನ್ನೆ ಎಲ್ಲೂ ನಿಲ್ಲದೆ ಮೂರು ಸುತ್ತು ಓಡಿದೆ. ನಮ್ಮ ಮನೆಯಿಂದ ಆಟೋ ಸ್ಟ್ಯಾಂಡಿಗೆ ಅಷ್ಟೇ ದೂರ.

ಬರೋ ಭಾನುವಾರ ಗೋವಿಂದರಾಜನಗರಕ್ಕೆ ಬರ್ತೀನಿ. ಇದನ್ನ ಓದಿದ ಮೇಲೆ ನನ್ನ ಮುಖ ನೋಡೋಕೆ ಮನಸ್ಸಾಗದಿದ್ರೆ ಒಂದು ಕಾರ್ಡು ಹಾಕು. ಬರೋದಿಲ್ಲ.

ನಿನ್ನ ಮಗ,
ಗಂಗಾಧರ