ಮೋರಿಯ ಬೆನ್ನು ಹಿಡಿದು ಹೋದ ಶನಿವಾರ

ಬಸವೇಶ್ವರನಗರ, ಬೆಂಗಳೂರು
೨೬-೯-೨೦೦೪, ಭಾನುವಾರ

ಪ್ರೀತಿಯ ಅವ್ವನವರ ಪಾದಗಳಿಗೆ ನಿಮ್ಮ ಹಿರಿಯ ಸೊಸೆ ಗುರುದೇವಿಯ ನಮಸ್ಕಾರಗಳು.

ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ತಿಕ್ಕು ಎಂದು ಮೈದುನ ದುಂಡೇಶನ ಹೆಂಡತಿಗೆ ಹೇಳಲು ನೀವು ಸಂಕೋಚಪಡುತ್ತೀರೆಂದು ನನಗೆ ಗೊತ್ತು. ಹೇಳಿ, ಅವಳು ಬೇಸರ ಮಾಡಿಕೊಳ್ಳುವವಳಲ್ಲ. ಎಮ್ಮೆ ಈಯಿತೇ? ನೀವು ಅಕ್ಷರ ಕೂಡಿಸಿಕೊಂಡು ಓದುವವರೆಂದು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ನಿಮಗೆ ಓದಲು ಕಲಿಸಿದ ನಿಮ್ಮ ಮಗ ಹೀಗೆಯೇ ಬರೆಯುತ್ತಿದ್ದರು. ಫೋನು ಮಾಡಿದರೆ ಅಂಗಡಿಯವರ ಮನೆಯಲ್ಲಿ ಎಲ್ಲರ ಎದುರು ನಿಂತು ಮಾತಾಡಬೇಕು, ಕೊನೆಗೆ ಇಬ್ಬರೂ ಅತ್ತು ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ.

ನಾನು ಆರಾಮ ಇದ್ದೇನೆ. ಅದೇ ಬಾಡಿಗೆ ಮನೆ. ಒಬ್ಬಳಿಗಾಗಿ ರೊಟ್ಟಿ ಬಡಿಯಲು ಮನಸ್ಸು ಬರುವುದಿಲ್ಲ, ಎರಡು ಹೊತ್ತೂ ಅನ್ನವೇ. ಮನೆ ಮಾಲೀಕರ ತಾಯಿ ಬೋರಮ್ಮ ಒಮ್ಮೊಮ್ಮೆ ಮುದ್ದೆ ತಂದು ಕೊಟ್ಟು, "ತಿನ್ನು ಕಣವ್ವ, ಸೊರಗ್ಹೋಗಿದೀಯ" ಅನ್ನುತ್ತಾರೆ. ಶಾಲೆ ಇದ್ದ ದಿನ ಹೇಗೋ ಹೊತ್ತು ಹೋಗುತ್ತದೆ. ಭಾನುವಾರ ಮಾತ್ರ ಸಂಜೆಯಾದರೂ ನನ್ನ ದನಿಯನ್ನು ನಾನೇ ಕೇಳಿರುವುದಿಲ್ಲ.

ಶಾಲೆಯ ಸುದ್ದಿ ನಿಮಗೆ ಬರೆಯಲೇಬೇಕು. ನಿಮ್ಮ ಮಗ ಹೋದ ಮೇಲೆ ಭೂಗೋಳಕ್ಕೆ ಯಾರೂ ಇರಲಿಲ್ಲ. ಜೂನ್‌ನಲ್ಲಿ ಹೆಡ್‌ಮಾಸ್ಟರ್ ಏಕಾಂತಯ್ಯನವರು ಕರೆದು, "ಮೇಡಂ, ಒಂಬತ್ತನೇ ಕ್ಲಾಸಿನ ಭೂಗೋಳ ನೀವೇ ತಗೊಳ್ಳಿ, ಬೇರೆಯವರು ಸಿಗೋವರ್ಗೂ" ಎಂದರು. ನಾನು ಕನ್ನಡ ಪಾಠ ಹೇಳುವವಳು. ನಕಾಶೆಯ ಮುಂದೆ ನಿಂತರೆ ಪೂರ್ವ ಯಾವುದು, ಪಶ್ಚಿಮ ಯಾವುದು ಎಂದು ಒಂದು ಗಳಿಗೆ ಯೋಚಿಸಬೇಕು. ಮೊದಲ ತಿಂಗಳು ಪುಸ್ತಕವನ್ನೇ ಜೋರಾಗಿ ಓದಿದೆ. ಊಟವಾದ ಮೇಲಿನ ಪೀರಿಯಡ್ಡು, ಮಕ್ಕಳು ತೂಕಡಿಸುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನಿಂದ, "ಬಾಳೇಶ್ ಸಾರ್ ಹಿಂಗ್ ಮಾಡ್ತಿರ್ಲಿಲ್ಲ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಮನೆಗೆ ಬಂದವಳೇ, ಅಲ್ಲಿಯವರೆಗೆ ಮುಟ್ಟದೆ ಇಟ್ಟಿದ್ದ ಅವರ ಟ್ರಂಕನ್ನು ತೆಗೆದೆ.

ಅದರಲ್ಲಿ ಬಾಟಲಿಗಳಲ್ಲಿ ತುಂಬಿಟ್ಟ ಮಣ್ಣು, ಹಳೆಯ ರೈಲ್ವೆ ಟೈಮ್‌ಟೇಬಲ್ಲು, ಕಿರಾಣಿ ಅಂಗಡಿಯ ಖಾಲಿ ಚೀಲಗಳು, ಜೊತೆಗೆ ಒಂದು ಉದ್ದ ನೋಟ್‌ಬುಕ್ ಇದ್ದವು. ಪುಟಕ್ಕೊಂದು ಪಾಠ ಬರೆದಿದ್ದಾರೆ. ಚೀಲದ ಮೇಲೆ ಅಚ್ಚಾಗಿರುವ ಊರುಗಳನ್ನು ಮಕ್ಕಳು ನಕಾಶೆಯಲ್ಲಿ ಹುಡುಕಬೇಕು, ಆ ಬೆಳೆ ಅಲ್ಲೇ ಯಾಕೆ ಬೆಳೆಯುತ್ತದೆ ಎಂದು ಹೇಳಬೇಕು. ಇನ್ನೊಂದು ಪುಟದಲ್ಲಿ ರಾಗಿಮುದ್ದೆ! ಮುದ್ದೆಯನ್ನು ಬೆಟ್ಟದ ಹಾಗೆ ತಟ್ಟಿ, ದಾರದಿಂದ ಅಡ್ಡಡ್ಡ ಕೊಯ್ದು, ಒಂದೊಂದೇ ಬಿಲ್ಲೆಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯುವುದು. ಎತ್ತರ ತೋರಿಸುವ ಗೆರೆಗಳು ಹಾಗೆ ಹುಟ್ಟುತ್ತವಂತೆ. ಬೋರಮ್ಮನವರಿಂದ ಮುದ್ದೆ ಮಾಡಿಸಿಕೊಂಡು ಹೋದೆ. ಗೌತಮ್ ಎಂಬ ತುಂಟ ಹುಡುಗ ಇದ್ದಕ್ಕಿದ್ದಂತೆ ಎದ್ದು, "ಮಿಸ್, ಗೆರೆ ಹತ್ತತ್ರ ಇದ್ದ ಕಡೆ ಬೆಟ್ಟ ಕಡಿದಾಗಿರತ್ತೆ!" ಎಂದು ಕೂಗಿದ. ನಾನು ಹೇಳಿಕೊಟ್ಟಿರಲಿಲ್ಲ, ಅವನೇ ಕಂಡುಕೊಂಡಿದ್ದ. ಗಂಟೆ ಹೊಡೆಯುವಷ್ಟರಲ್ಲಿ ಬೆಟ್ಟವನ್ನೇ ತಿಂದು ಮುಗಿಸಿದ್ದರು.

ಬರೆದಿದ್ದ ಕೊನೆಯ ಪುಟದಲ್ಲಿ ಒಂದೇ ಸಾಲು ಇತ್ತು: "ಶಾಲೆಯ ಹಿಂದಿನ ಮೋರಿ ಎಲ್ಲಿಗೆ ಹೋಗುತ್ತದೆ? ಮಕ್ಕಳೇ ನಡೆದು ನೋಡಲಿ." ಕೇಳಿದಾಗ ಏಕಾಂತಯ್ಯನವರು, "ಮೋರಿ ನೋಡಕ್ಕೆ ಟೂರಾ ಮೇಡಂ? ಪೇರೆಂಟ್ಸಿಗೆ ನಾನೇನ್ ಹೇಳ್ಲಿ?" ಎಂದರು. ನೋಟ್‌ಬುಕ್ ತೋರಿಸಿದೆ. ಆ ಅಕ್ಷರ ನೋಡಿ ಕನ್ನಡಕ ತೆಗೆದು ಒರೆಸಿಕೊಂಡು, "ರಸ್ತೆ ದಾಟೋವಾಗ ಜೋಪಾನ" ಅಂದರು ಅಷ್ಟೇ.

ನಿನ್ನೆ ಮೂವತ್ತೊಂದು ಮಕ್ಕಳನ್ನು ಕರೆದುಕೊಂಡು ಹೊರಟೆ. ಮೊದಲ ಸೇತುವೆಯವರೆಗೆ ಬೋರಮ್ಮನೂ ಬಂದರು. ಮೂಗು ಮುಚ್ಚಿಕೊಂಡ ಮಕ್ಕಳಿಗೆ, "ಇದು ಮೋರಿ ಅಲ್ಲ ಕಣ್ರೋ, ಹಳ್ಳ. ನಮ್ ಹೊಲದ ಪಕ್ಕದಲ್ಲೇ ಹರೀತಿತ್ತು. ಮದ್ವೆಯಾಗಿ ಬಂದ ಹೊಸದ್ರಲ್ಲಿ ಇಲ್ಲೇ ಬಟ್ಟೆ ಒಗೀತಿದ್ದೆ" ಎಂದರು. ಮಕ್ಕಳು ಮೂಗಿನಿಂದ ಕೈ ತೆಗೆದು ಕೇಳಿದರು. ಅಲ್ಲಿಂದ ಮುಂದೆ ವಿಜಯನಗರ ದಾಟಿ, ತಿರುವು ಬಂದಲ್ಲೆಲ್ಲ ನಿಂತು ಹಾಳೆಯಲ್ಲಿ ಗುರುತು ಹಾಕಿಕೊಂಡು, ಎರಡು ಗಂಟೆ ನಡೆದು ಮೈಸೂರು ರಸ್ತೆ ಸೇರಿದೆವು. ಅಲ್ಲಿ ವೃಷಭಾವತಿ ಕಪ್ಪಗೆ, ನೊರೆ ಎಬ್ಬಿಸಿಕೊಂಡು ಹರಿಯುತ್ತಿತ್ತು. ಇದು ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ ಎಂದು ಹೇಳಿದೆ. ಸ್ಪಂದನ ಎಂಬ ಹುಡುಗಿ ನೊರೆಯ ಕಡೆ ಬೆರಳು ತೋರಿಸಿ, "ನಾವು ಕುಡಿಯೋದೂ ಕಾವೇರಿನೇ ಅಲ್ವಾ ಮಿಸ್? ತಿರುಗಿ ಇದನ್ನ ಕೊಡ್ತಿದೀವಾ?" ಎಂದಳು. ಆ ಪ್ರಶ್ನೆಯನ್ನೂ ಹಾಳೆಯಲ್ಲಿ ಬರೆದುಕೋ ಎಂದೆ. ಆಮೇಲೆ ಗೌತಮ್ ಕೇಳಿದ: "ಸಾರ್ ಇದ್ದಿದ್ರೆ ನಮ್ಮನ್ನ ಎಲ್ಲಿವರ್ಗೂ ಕರ್ಕೊಂಡ್ ಹೋಗ್ತಿದ್ರು?" "ಸಂಗಮದವರೆಗೂ" ಎಂದೆ. ಆ ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ, ಅವ್ವಾ.

ಸಂಜೆ ಬಾಗಿಲು ತೆಗೆದು ಒಳಗೆ ಬಂದಾಗ ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೇಬಿಟ್ಟಿದ್ದೆ. ಯಾರೂ ಇರಲಿಲ್ಲ. ಅವರ ಪಾಠದ ಸುದ್ದಿ ನನ್ನಷ್ಟೇ ಬೇಕಾದವರು ಇನ್ನು ನೀವೊಬ್ಬರೇ ಎಂದು ಬರೆಯಲು ಕುಳಿತೆ.

ದುಂಡೇಶನಿಗೂ ಅವನ ಹೆಂಡತಿಗೂ ಕೇಳಿದೆನೆಂದು ಹೇಳಿ. ಔಷಧ ತಪ್ಪಿಸಬೇಡಿ. ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಗುರುದೇವಿ

ಅವ್ವಾ, ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಇದನ್ನು ನೀವೊಬ್ಬರೇ ಓದಿ. ಮಣ್ಣು ಮಾಡಿದ ದಿನ ನೀವು, "ಆ ಸಾಲಿ ಕೆಲಸಾನ ನನ್ನ ಮಗನ್ನ ತಿಂತು" ಎಂದು ಅತ್ತಿರಿ. ನಾನು ಸುಮ್ಮನಿದ್ದೆ. ಅಪಘಾತವಾದ ಆ ಭಾನುವಾರ ಅವರು ಸ್ಕೂಟರ್ ಹತ್ತಿದ್ದು ಶಾಲೆಯ ಕೆಲಸಕ್ಕಲ್ಲ. ಬೈಲಹೊಂಗಲದ ಕಡೆ ಒಂದು ಶಾಲೆಯಲ್ಲಿ ಜಾಗ ಖಾಲಿ ಇತ್ತು. "ಅವ್ವನ ಕಡೆ ಹೋಗೂಣು" ಅಂದರು. ನಾನು ಒಲ್ಲೆ ಅಂದೆ. ನಿಮ್ಮ ಜೊತೆ ಒಂದು ಮನೆಯಲ್ಲಿ ಇರಲಾರೆ ಎಂದೂ ಅಂದೆ. ಅವರು ಚಹಾ ಕುಡಿಯದೆ ಹೋದರು. ದಸರಾ ರಜೆಗೆ ಬರಲು ನೀವು ಹೇಳಿಕಳಿಸಿದ್ದೀರಿ. ಇದನ್ನು ಓದಿದ ಮೇಲೂ ನಾನು ಬರಬಹುದು ಎನ್ನಿಸಿದರೆ ಒಂದು ಕಾರ್ಡು ಹಾಕಿ. ಒಂದೇ ಅಕ್ಷರ ಸಾಕು: ಬಾ.