ಸಂತವ್ವನ ಕೈಬರಹ

ದಿಗ್ಗೇವಾಡಿ
೨೨ ನವೆಂಬರ್ ೧೯೯೬

ರೋಮಾಪುರಿಯ ಹಿರಿಯರೇ, ಬೆಳಗಾವಿಯ ಗುರುಗಳೇ, ಕೃಷ್ಣಾತೀರದ ಸಮಸ್ತ ಮಹಾಜನರೇ! ಹಾಲು ಕೊಟ್ಟ ತಾಯಿಗೆ ಸಂತರೊಬ್ಬರು ಸ್ವಹಸ್ತದಿಂದ ಬರೆದ ಕೃತಜ್ಞತಾ ಪತ್ರ ನಮ್ಮೂರಿನಲ್ಲಿದೆ ಎಂದು ಅರಿಕೆ ಮಾಡಿಕೊಳ್ಳಲು...

ಎಲ್ಲಿಯ ಮಹಾಜನರು, ಕಸ್ತೂರೆವ್ವ ಕಾಕೂ? ಇರುವವರು ನೀವೊಬ್ಬರೇ. ನಾಲ್ಕನೆಯ ಇಯತ್ತೆ ಕಲಿತವರು. ಇದನ್ನು ಬೇರೆಯವರಿಂದ ಓದಿಸಬೇಡಿ.

ತೀರಿಹೋದ ಸಿಸ್ಟರ್ ಕ್ಲೆಮೆನ್ಸಿಯಾರನ್ನು ಸಂತರೆಂದು ಸಾರಲು ವಿಚಾರಣೆ ನಡೆದಿದೆ. ಅವರ ಕೈಬರಹದ ಕಾಗದ ಒಯ್ಯಲು ರವಿವಾರ ಬೆಳಗಾವಿ ಚರ್ಚಿನ ಗುರುಗಳು ಬರುತ್ತಾರೆ. ಜಗಲಿಯ ಮೇಲೆ ದೇವರ ಪಕ್ಕ ಗಾಜಿನ ಕಟ್ಟು ಹಾಕಿಸಿಟ್ಟ ಪತ್ರ ಕೊಡಲು ನೀವು ಹೊಸ ಸೀರೆ ತೆಗೆದಿಟ್ಟಿದ್ದೀರಂತೆ. "ನನ್ನ ಮಲಕಾರಿ ಹೆಸರು ರೋಮಿಗೆ ಹೊಂಟೈತಿ" ಎಂದು ಓಣಿಗೆಲ್ಲ ಹೇಳಿದ್ದೀರಂತೆ.

ಹನ್ನೊಂದು ವರ್ಷದ ಹಿಂದೆ ಸಿಸ್ಟರ್ ನಡೆಸುತ್ತಿದ್ದ ಕುಷ್ಠರೋಗಿಗಳ ಆಶ್ರಮದಲ್ಲಿ ನಾನು ಕಾರಕೂನ, ನಿಮ್ಮ ಒಬ್ಬನೇ ಮಗ ಮಲಕಾರಿ ರೋಗಿ. ಮಳೆ ಬರಲಿ, ಹೊಳೆ ಬರಲಿ, ದಿನಾ ಮುಂಜಾನೆ ಎಮ್ಮೆಯ ಹಾಲು ತಂದಿರಿ. ಗೇಟಿನ ಹೊರಗೇ ನಿಂತು, ನಿಮ್ಮ ತಂಬಿಗೆ ನಮ್ಮ ಪಾತ್ರೆಗೆ ತಾಗದಂತೆ ಮೊಳದೆತ್ತರದಿಂದ ಸುರಿದಿರಿ. ಹನಿಯೂ ಚೆಲ್ಲಲಿಲ್ಲ. ಅದು ರೂಢಿ, ತಪ್ಪೆಂದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಲಕಾರಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ.

"ಕುಡದನೇನೋ ಭಾವುಸಾಹೇಬಾ?"

"ಕುಡದ್ರಿ ಕಾಕೂ, ಮೀಸಿಗೂ ಹತ್ತಿತ್ತು."

ಅವನು ಸತ್ತ ಮೇಲೆ ಕೇಳಿದಿರಿ: "ಆ ಸಂತವ್ವ ಒಂದ್ ನಾಕ ಅಕ್ಷರಾ ಬರದ ಕೊಡ್ತಾಳೇನ ಕೇಳಪಾ. ನನ್ನ ಹಾಲು ಅವಗ ಮುಟ್ಟಿತ್ತಂತ."

ಎಂಟು ದಿನಕ್ಕೆ ಪತ್ರ ತಂದುಕೊಟ್ಟೆ. ಮಲಕಾರಿ ತಣ್ಣಗೆ ಕಣ್ಣು ಮುಚ್ಚಿದ, ಕೊನೆಯ ಗುಟುಕೂ ನಿಮ್ಮ ಹಾಲೇ ಎಂದಿತ್ತು. ಕೆಳಗೆ: "ಹಾಲನೆರೆದ ಕೈಗೆ ವಂದನೆ, ಮಗನ ಹೆಸರಲಿ ಪ್ರಾರ್ಥನೆ." ಗೋವೆಯಿಂದ ಬಂದು, ಕನ್ನಡದಲ್ಲಿ ಸಹಿ ಕೂಡ ಮಾಡಲು ಬಾರದ ಆ ತಾಯಿಗೆ ಪ್ರಾಸದ ಹುಚ್ಚು ಎಲ್ಲಿಂದ ಹತ್ತಿತೆಂದು ನೀವು ಕೇಳಲಿಲ್ಲ. ಗುರುಗಳು ಕೇಳುತ್ತಾರೆ, ಊರ ಮುಂದೆ.

ದೇವರು ನಿಮಗೆ ಗಟ್ಟಿ ಎದೆ ಕೊಡಲಿ, ಕಾಕೂ. ನನ್ನ ಮುಖ ಇನ್ನು ನೋಡಬೇಡಿ. ಪತ್ರ ಬರೆದವನು ನಾನು. ಸಿಸ್ಟರ್ ಸುಳ್ಳು ಬರೆಯಲೊಲ್ಲೆನೆಂದರು: "ಖೋಟೆ ನಕೋ, ಭಾವುಸಾಹೇಬ್." ಮಲಕಾರಿ ದಿನಾ ಆ ಹಾಲನ್ನು ಪಕ್ಕದ ಹಾಸಿಗೆಯವನಿಗೆ ಕೊಟ್ಟು ಗೋಡೆಯ ಕಡೆ ತಿರುಗುತ್ತಿದ್ದ. ಒಂದು ಗುಟುಕೂ ಕುಡಿಯಲಿಲ್ಲ.

ಇಂತಿ,
ಭಾವುಸಾಹೇಬ